ತೋಟದ ಸೆನ್ಸರ್ ತಂತಿಗೆ ಯಾವುದು ಸರಿ: ಶೀಲ್ಡೆಡ್ ಕೇಬಲ್ಲೋ, ಹೊಸೆದ ಜೋಡಿಯೋ?

ಶಿರಸಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಪಂಪು ಹೊಳೆಯ ಬದಿಗೂ ನೀರಿನ ಟ್ಯಾಂಕಿ ಗುಡ್ಡದ ಮೇಲೂ ಇರುವುದರಿಂದ, ನೀರಿನ ಮಟ್ಟ ತಿಳಿಸುವ ಸೆನ್ಸರಿನ ತಂತಿ ಮೋಟಾರಿನ ಕೇಬಲ್ಲಿಗೆ ತಾಗಿಕೊಂಡೇ ಬಹುದೂರ ಸಾಗುತ್ತದೆ. ಮೋಟಾರು ಚಾಲೂ ಆದೊಡನೆ ಅಂಕಿಗಳು ಏರಿಳಿಯುತ್ತಿದ್ದವು. ಅದೇ ದಾರಿಯಲ್ಲಿರುವ ಹಂದಿ ಬೇಲಿಯ ಸೋಲಾರ್ ಯಂತ್ರ ಸುಮಾರು ಸೆಕೆಂಡಿಗೊಮ್ಮೆ ಹಲವು ಸಾವಿರ ವೋಲ್ಟಿನ ಹೊಡೆತ ಕೊಡುವಾಗಲೆಲ್ಲ ಅಂಕಿ ಮತ್ತೊಮ್ಮೆ ಜಿಗಿಯುತ್ತಿತ್ತು. ಸೆನ್ಸರ್ ಮತ್ತು ದಾರಿ ಬದಲಿಸದೆ, ತಂತಿಯನ್ನಷ್ಟೇ ಬದಲಿಸಿ ನೋಡಿದೆ.

ಶೀಲ್ಡೆಡ್ ಕೇಬಲ್, ಎಂದರೆ ಒಳತಂತಿಗಳ ಸುತ್ತ ಲೋಹದ ಹೊದಿಕೆಯಿರುವ ಕೇಬಲ್ ಹಾಕಿ, ಅದರ ಹೊದಿಕೆಯನ್ನು ಪಂಪಿನ ಮನೆಯ ತುದಿಯಲ್ಲಿ ಮಾತ್ರ ಅರ್ತ್ ಮಾಡಿದಾಗ ಬೇಲಿಯ ಜಿಗಿತ ನಿಂತಿತು. ಎರಡೂ ತುದಿಗೆ ಅರ್ತ್ ಕೊಟ್ಟು ನೋಡಿದಾಗ, ಎರಡು ಕಡೆಯ ನೆಲದ ವೋಲ್ಟೇಜು ಒಂದೇ ಇಲ್ಲದ್ದರಿಂದ ಹೊದಿಕೆಯಲ್ಲೇ ಕರೆಂಟು ಹರಿದು ತೊಂದರೆ ಹೆಚ್ಚಿತು. ಮೋಟಾರಿನ 50 ಹರ್ಟ್ಸ್ ಗೊಂದಲ ಮಾತ್ರ ಎರಡೂ ಬಾರಿ ಉಳಿದೇ ಇತ್ತು, ಏಕೆಂದರೆ ಹೊದಿಕೆಯ ತೆಳು ಅಲ್ಯೂಮಿನಿಯಂ ಹಾಳೆ ವಿದ್ಯುತ್ ಕ್ಷೇತ್ರವನ್ನು ತಡೆಯುತ್ತದೆಯೇ ಹೊರತು ಅಷ್ಟು ಕಡಿಮೆ ಆವರ್ತನದ ಕಾಂತಕ್ಷೇತ್ರವನ್ನಲ್ಲ.

ಮೋಟಾರಿನ ಆ ಗೊಂದಲವನ್ನು ಅಡಗಿಸಿದ್ದು ಇಂಟರ್ನೆಟ್ಟಿಗೆ ಬಳಸುವ ಸಾಮಾನ್ಯ ಕ್ಯಾಟ್ 6 ಕೇಬಲ್ಲಿನ ಹೊಸೆದ ಜೋಡಿ. ಸಿಗ್ನಲ್ಲಿನ ತಂತಿಯೂ ಅದು ಮರಳುವ ತಂತಿಯೂ ಒಂದನ್ನೊಂದು ಸುತ್ತಿಕೊಂಡಿರುವಾಗ, ಒಂದು ಸುತ್ತಿನಲ್ಲಿ ಹುಟ್ಟುವ ವೋಲ್ಟೇಜನ್ನು ಮುಂದಿನ ಸುತ್ತು ಅಳಿಸಿಹಾಕುತ್ತದೆ. ಬೇಲಿಯ ಜಿಗಿತ ಸ್ವಲ್ಪ ಉಳಿಯಿತಾದರೂ, ಸೆನ್ಸರಿನ ಅಂಕಿ ಓದುವ ಕಂಟ್ರೋಲರಿನ ಬಾಯಲ್ಲೇ 10 ಕಿಲೋಓಮ್ ರೆಸಿಸ್ಟರ್ ಮತ್ತು 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದಾಗ ಅದೂ ಅಡಗಿತು. ಈ ಫಿಲ್ಟರು ಸುಮಾರು 16 ಹರ್ಟ್ಸಿನಿಂದ ಮೇಲಿನದನ್ನು ಕುಗ್ಗಿಸುತ್ತದೆ; ಟ್ಯಾಂಕಿಯ ನೀರು ನಿಧಾನವಾಗಿ ಏರುವುದರಿಂದ ಅಳತೆಗೆ ಏನೂ ನಷ್ಟವಿಲ್ಲ.

ಗೊಂದಲ ತಡೆಯಲು ಕೇಬಲ್ಲಿಗೆ ತೊಡಿಸುವ ಫೆರೈಟ್ ಬಳೆಗಳಿಂದ ಇಲ್ಲಿ ಪ್ರಯೋಜನ ಕಾಣಲಿಲ್ಲ. ಅವುಗಳ ಬಲವಿರುವುದು ಮೆಗಾಹರ್ಟ್ಸ್ ಮಟ್ಟದಲ್ಲಿ.

ಕರಾವಳಿಯವರು ಶೀಲ್ಡೆಡ್ ಕೇಬಲ್ ಕೊಳ್ಳುವ ಮುನ್ನ ಇನ್ನೊಂದನ್ನು ಗಮನಿಸಬೇಕು. ಕಾರವಾರದಲ್ಲಿ ತಂಗಿಯ ಮನೆಯಲ್ಲಿ ಹಾಕಿದ್ದ ತಾಮ್ರದ ಹೆಣಿಗೆಯ ಹೊದಿಕೆ, ಅರ್ತಿಗೆ ಕಟ್ಟಿದ ಜಾಗದಲ್ಲಿ ಉಪ್ಪುಗಾಳಿಗೆ ಹಸಿರುಗಟ್ಟಿ ಬೆರಳಿನಿಂದ ಉಜ್ಜಿದರೆ ಪುಡಿಯಾಗಿ ಉದುರುತ್ತಿತ್ತು. ಅರ್ತ್ ತಪ್ಪಿದ ಹೊದಿಕೆ ಇದ್ದೂ ಇಲ್ಲದಂತೆ. ಹೊಸೆದ ಜೋಡಿಗೆ ಇಂಥ ಅವಲಂಬನೆಯಿಲ್ಲ. ಆದ್ದರಿಂದ ನನ್ನ ಆಯ್ಕೆ ಅದೇ.

ತಂತಿ ಯಾವುದೇ ಆಗಲಿ, ಸ್ಟಾರ್ಟರಿನಲ್ಲಿ ಮೋಟಾರನ್ನು ಆನ್-ಆಫ್ ಮಾಡುವ ಸ್ವಿಚ್ಚಾದ ಕಾಂಟ್ಯಾಕ್ಟರಿನ ಕಾಯಿಲಿಗೆ ಅಡ್ಡಲಾಗಿ 100 ಓಮ್ ರೆಸಿಸ್ಟರನ್ನು 0.1 ಮೈಕ್ರೋಫ್ಯಾರಡ್ಡಿನ ಎಕ್ಸ್2 ದರ್ಜೆಯ (ಮೇನ್ಸ್ ಕರೆಂಟಿಗೆ ನೇರವಾಗಿ ಹಾಕಬಹುದಾದ) ಕೆಪಾಸಿಟರಿನೊಂದಿಗೆ ಸರಣಿಯಲ್ಲಿ ಕೂಡಿಸಿ ಹಾಕಿಸಿಕೊಳ್ಳಿ. ಮೋಟಾರು ನಿಂತಾಗಲೆಲ್ಲ ಕಂಟ್ರೋಲರ್ ತಾನಾಗಿ ರೀಸೆಟ್ ಆಗುತ್ತಿದ್ದುದು ನಮ್ಮಲ್ಲಿ ನಿಂತದ್ದು ಅದರಿಂದಲೇ.