ಸ್ಯಾಂಟೊರಿನಿಯಲ್ಲಿ ಮೇಲೆ ಹತ್ತುವ ಮುಂಚೆ ಕೆಳಗೆ ಇಳಿಯುವ ಲೆಕ್ಕ ಹಾಕಿ

ಕ್ರೂಸ್‌ನಲ್ಲಿ ಮೊದಲ ಸಲ ಗ್ರೀಸ್‌ಗೆ ಹೊರಟಿದ್ದೀರಾ? ಹಾಗಾದರೆ ನಿಮ್ಮ ಪಟ್ಟಿಯಲ್ಲಿ ಸ್ಯಾಂಟೊರಿನಿ ಇದ್ದೇ ಇರುತ್ತದೆ. ಬಿಳಿ ಮನೆ, ನೀಲಿ ಗುಮ್ಮಟ ನೋಡೋಣ ಅಂತ ನಾವೂ ಹೋದೆವು. ಈಗ ನೆನೆಸಿಕೊಂಡರೆ ಮೊದಲು ಕಣ್ಣಿಗೆ ಬರುವುದು ಕತ್ತೆ ಲದ್ದಿ.

ಮೊದಲು ಊರು ಹೇಗಿದೆ ಅಂತ ಹೇಳಿಬಿಡುತ್ತೇನೆ. ಜ್ವಾಲಾಮುಖಿ ಸಿಡಿದು ಉಳಿದ ದ್ವೀಪ ಇದು. ಮಧ್ಯದ ಭಾಗ ಕುಸಿದು ಅಲ್ಲಿ ಸಮುದ್ರ ತುಂಬಿಕೊಂಡಿದೆ. ಹಡಗು ದಡಕ್ಕೆ ಬರುವುದಿಲ್ಲ, ನೀರಿನಲ್ಲೇ ನಿಲ್ಲುತ್ತದೆ. ಟೆಂಡರ್ ಅನ್ನುವ ಚಿಕ್ಕ ದೋಣಿಗಳಲ್ಲಿ ಹಳೇ ಬಂದರಿಗೆ ತಂದು ಬಿಡುತ್ತಾರೆ. ತಲೆ ಎತ್ತಿ ನೋಡಿದರೆ ಫಿರಾ ಪಟ್ಟಣ ಬಂಡೆಯ ತುದಿಯಲ್ಲಿ, 200 ಮೀಟರಿಗೂ ಜಾಸ್ತಿ ಎತ್ತರದಲ್ಲಿ ಕೂತಿರುತ್ತದೆ. ಅಲ್ಲಿಂದ ಮೇಲೆ ಹೋಗಲು ಕೇಬಲ್ ಕಾರ್, ಕತ್ತೆ, ಇಲ್ಲಾಂದ್ರೆ 580ಕ್ಕೂ ಹೆಚ್ಚು ಮೆಟ್ಟಿಲು. ಹಡಗಿನವರ ಟೂರ್ ತೆಗೆದುಕೊಂಡವರನ್ನು ಬೆಳಿಗ್ಗೆ ಅಥಿನಿಯೋಸ್ ಅನ್ನುವ ಇನ್ನೊಂದು ಬಂದರಿನಿಂದ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ಆದರೆ ಸಾಮಾನ್ಯವಾಗಿ ಅವರನ್ನೂ ಕೊನೆಗೆ ಫಿರಾದಲ್ಲೇ ಬಿಡುತ್ತಾರೆ. ಬೆಳಿಗ್ಗೆ ಎರಡು ದಾರಿಯಲ್ಲಿ ಹೋದ ಜನ ಸಂಜೆ ಒಂದೇ ಕೇಬಲ್ ಕಾರ್ ಮುಂದೆ ಬಂದು ನಿಲ್ಲುತ್ತಾರೆ. ಇದನ್ನು ನಮಗೆ ಯಾರೂ ಹೇಳಲಿಲ್ಲ.

ನಾವು ದಡ ಮುಟ್ಟಿದ್ದು ಹತ್ತೂವರೆಗೆ. ಕಾಲಿಟ್ಟ ಕೂಡಲೇ ಒಬ್ಬ ಬಂದ. ದೋಣಿ, ಬಸ್ಸು, ಈಯಾ, ವಾಪಸ್ ಫಿರಾ, ಕೇಬಲ್ ಕಾರ್, ಎಲ್ಲಾ ಸೇರಿ ತಲೆಗೆ 30 ಯೂರೋ ಅಂದ. ಈಯಾ ಅಂದರೆ ಫೋಟೋಗಳಲ್ಲಿ ನೋಡುತ್ತೀರಲ್ಲ, ಅದೇ ಊರು. ಇಂಗ್ಲಿಷ್ ಅಕ್ಷರದಲ್ಲಿ ನೋಡಿ ನಾನು ಓಯಾ ಓಯಾ ಅಂತಲೇ ಹೇಳುತ್ತಿದ್ದೆ! ನಗದು ಕೊಟ್ಟೆವು. ರಸೀದಿ ಕೇಳಲಿಲ್ಲ. ಕೈಗೆ ಒಂದು ಬಣ್ಣದ ಚೀಟಿ ಬಂತು.

ದೋಣಿ ತುಂಬುವವರೆಗೆ ಮುಕ್ಕಾಲು ಗಂಟೆ ಕಾಯಿಸಿದರು. ಈಯಾ ಚೆಂದ ಇದೆ, ಸುಳ್ಳು ಹೇಳಬಾರದು. ಆದರೆ ಮಾರು ಅಗಲದ ಓಣಿಯಲ್ಲಿ ತೇರಿನ ದಿನದಷ್ಟು ಜನ. ಗುಮ್ಮಟದ ಮುಂದೆ ಫೋಟೋಗೂ ಸಾಲು. ಅರ್ಧ ಗಂಟೆಗೊಂದು ಬಸ್ಸು ಅಂದಿದ್ದರು. ಒಂದು ಗಂಟೆ ಹತ್ತು ನಿಮಿಷ ಬಿಸಿಲಲ್ಲಿ ನಿಂತೆವು, ಒಂದೂ ಬರಲಿಲ್ಲ. ಆ ಹೊತ್ತಿಗೆ ಊರಿನ ಸರ್ಕಾರಿ ಬಸ್ಸು ಎರಡು ಸಲ ಹೋಯಿತು. ದುಡ್ಡು ಕೊಟ್ಟಾಗಿದೆಯಲ್ಲ ಅಂತ ಅದನ್ನು ಹತ್ತಲಿಲ್ಲ. ದಡ್ಡತನ.

ಫಿರಾ ತಲುಪಿದಾಗ ಮೂರು ಗಂಟೆ. ಕೊನೆಯ ಟೆಂಡರ್ ನಾಲ್ಕೂವರೆಗೆ. ಕೇಬಲ್ ಕಾರ್ ಸಾಲು ಅಂಗಡಿ ಬೀದಿ ದಾಟಿ ತಿರುವಿನಲ್ಲಿ ಮಾಯವಾಗಿತ್ತು. ಒಂದು ಸಲಕ್ಕೆ 6 ಡಬ್ಬಿ, ಡಬ್ಬಿಗೆ 6 ಜನ, ಅಷ್ಟೇ. ಮೂರು ನಿಮಿಷದ ಪ್ರಯಾಣಕ್ಕೆ ಎರಡು ಗಂಟೆ ಸಾಲು. ಮೇಲಾಗಿ ನಮ್ಮ ಬಣ್ಣದ ಚೀಟಿ ಅಲ್ಲಿ ನಡೆಯುವುದೇ ಇಲ್ಲ ಅಂದರು.

"ಚಾಮುಂಡಿ ಬೆಟ್ಟ ಹತ್ತಿದವಳಿಗೆ ಇದ್ಯಾವ ಲೆಕ್ಕ, ನಡಿ" ಅಂದರು ಅಮ್ಮ. ಹತ್ತುವುದು ಬೇರೆ, 64ರ ಮಂಡಿ ಇಟ್ಟುಕೊಂಡು ಇಳಿಯುವುದು ಬೇರೆ. ಕಲ್ಲು ಸವೆದು ನುಣ್ಣಗಾಗಿದೆ. ಕತ್ತೆಗಳು ಓಡಾಡುವುದೂ ಅದೇ ಮೆಟ್ಟಿಲಲ್ಲಿ. ಹತ್ತು ಹದಿನೈದು ಒಟ್ಟಿಗೆ ನುಗ್ಗಿ ಬಂದಾಗ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಲದ್ದಿ, ಗಂಜಲ, ಅದರ ಮೇಲೆ ಚಪ್ಪಲಿ. ಮೆಟ್ಟಿಲ ಮೇಲೆ ನಂಬರ್ ಬರೆದಿದ್ದಾರೆ. ಅಮ್ಮ ಜೋರಾಗಿ ಎಣಿಸುತ್ತಾ ಇಳಿದರು. ಇನ್ನು ಐವತ್ತು ಇದೆ ಅನ್ನುವಾಗ ಜಾರಿ ಕೈ ಊರಿದರು. ಟೆಂಡರ್ ಸಿಕ್ಕಿತು, ಮಣಿಕಟ್ಟು ಊದಿತು. ಹಡಗಿನ ಡಾಕ್ಟರ್ ಕಟ್ಟಿದ ಪಟ್ಟಿಯ ದುಡ್ಡು ರೂಮಿನ ಬಿಲ್ಲಿಗೆ ಸೇರಿತು. ಇನ್ಶೂರೆನ್ಸ್ ಇಲ್ಲದೆ ಹೋಗಲೇಬೇಡಿ.

ನಾನಾಗಿ ಮತ್ತೆ ಹೋದರೆ, ಆರು ಗಂಟೆಯಷ್ಟೇ ಸಮಯವಿದ್ದರೆ, ಈಯಾ ಬಿಟ್ಟುಬಿಡುತ್ತೇನೆ. ಸಮುದ್ರದ ನೋಟ ಫಿರಾದಿಂದಲೂ ಅಷ್ಟೇ ಚೆಂದ. ಬಸ್ ನಿಲ್ದಾಣದ ಹತ್ತಿರವೇ ಇತಿಹಾಸಪೂರ್ವ ಥೇರಾ ಮ್ಯೂಸಿಯಂ ಇದೆ. ಸುಮಾರು 3,600 ವರ್ಷದ ಹಿಂದೆ ಬೂದಿಯಲ್ಲಿ ಹೂತುಹೋದ ಅಕ್ರೋತಿರಿ ಊರಿನ ಗೋಡೆ ಚಿತ್ರಗಳು ಅಲ್ಲಿವೆ. ಅವುಗಳಲ್ಲಿ ನೀಲಿ ಮಂಗಗಳದ್ದೂ ಒಂದು. ಅವು ನಮ್ಮ ಕಡೆಯ ಮುಸುವ ಜಾತಿಯವು ಅಂತ ಕೆಲವು ಸಂಶೋಧಕರು ಹೇಳುತ್ತಾರೆ! ಬಸ್ಸಿಳಿದು ನಾವು ಅದರ ಹತ್ತಿರದಲ್ಲೇ ಓಡಿದ್ದೆವು, ಗೊತ್ತೇ ಇರಲಿಲ್ಲ.

ಈಯಾ ನೋಡಲೇಬೇಕು ಅನ್ನುವವರು ಬಂದರಿನಲ್ಲಿ ಯಾರಿಗೂ ದುಡ್ಡು ಕೊಡಬೇಡಿ. ಬೆಳಿಗ್ಗೆಯೇ ಕೇಬಲ್ ಕಾರ್‌ನಲ್ಲಿ ಮೇಲೆ ಹೋಗಿ, ಸರ್ಕಾರಿ ಬಸ್ಸು ಹಿಡಿಯಿರಿ. ಒಳಗೇ ಟಿಕೆಟ್ ಕೊಡುತ್ತಾರೆ, ದೂರ 11 ಕಿಲೋಮೀಟರ್. ಕೊನೆಯ ಟೆಂಡರ್ ನಾಲ್ಕೂವರೆಗೆ ಅಂದರೆ ಎರಡು ಗಂಟೆಗೇ ಕೇಬಲ್ ಕಾರ್ ಸಾಲಿನಲ್ಲಿ ನಿಂತಿರಿ. ಐಸ್‌ಕ್ರೀಮ್ ಕೆಳಗೆ ಬಂದರಿನಲ್ಲೂ ಸಿಗುತ್ತದೆ.