ಲಾಗ್‌ಫೋರ್‌ಜೆ 1ರಿಂದ 2ಕ್ಕೆ: ಬ್ರಿಜ್, ಕನ್ವರ್ಟರ್, ಇಲ್ಲಾ ಕೈಯಲ್ಲೇ ಬರೆಯೋದಾ?

ಜಾವಾ ಪ್ರೋಗ್ರಾಂಗಳು ಲಾಗ್ (ಏನೇನು ನಡೆಯಿತು ಅನ್ನೋ ದಾಖಲೆ) ಬರೆಯಲು ಬಳಸುವ ಲೈಬ್ರರಿ ಲಾಗ್‌ಫೋರ್‌ಜೆ. ಅದರ 1ನೇ ಆವೃತ್ತಿಗೆ 2015ರಲ್ಲೇ ಬೆಂಬಲ ನಿಂತಿದೆ. ಆದರೂ ಹಳೆಯ ಜಾವಾ ಪ್ರಾಜೆಕ್ಟ್ ತೆರೆದರೆ ಅದರ ಪ್ರಾಪರ್ಟೀಸ್ ಫೈಲ್ (ಲಾಗ್ ಸೆಟ್ಟಿಂಗ್‌ಗಳಿರುವ ಫೈಲ್) ಇನ್ನೂ ಅಲ್ಲೇ ಕೂತಿರುತ್ತದೆ. ಅಂಥ ಒಂದು ಫೈಲಿನ ಮೇಲೆ, 2ಕ್ಕೆ ಹೋಗುವ ಮೂರು ದಾರಿಗಳನ್ನೂ ಹಿಡಿದು ನೋಡಿದೆ.

ಮೊದಲನೆಯದು ಬ್ರಿಜ್, ಅಂದರೆ ಹಳೆಯ ಕೋಡ್‌ನ ಕರೆಗಳನ್ನು ಲಾಗ್‌ಫೋರ್‌ಜೆ 2ಕ್ಕೆ ದಾಟಿಸುವ ಸೇತುವೆ. ಹಳೆಯ ಜಾರ್ (ಜಾವಾ ಲೈಬ್ರರಿ ಫೈಲ್) ತೆಗೆದು 1.2 ಎಪಿಐ ಬ್ರಿಜ್ ಜಾರ್ ಹಾಕಿ, ಕಂಪ್ಯಾಟಿಬಿಲಿಟಿ ಪ್ರಾಪರ್ಟಿಯನ್ನು ಟ್ರೂ ಮಾಡಿದರೆ ಹಳೆಯ ಫೈಲನ್ನೇ ಓದಿಕೊಳ್ಳುತ್ತದೆ. ರಿಲೀಸ್ ತಲೆ ಮೇಲಿದ್ದರೆ ಇದೇ ಸಾಕು. ಆದರೆ ಫೈಲ್ ಇದ್ದ ಹಾಗೇ ಇರುತ್ತದೆ, ಕೆಲಸ ಮುಂದಕ್ಕೆ ಹೋಯಿತು ಅಷ್ಟೇ.

ಅದೇ ಜಾರ್‌ನೊಳಗೆ ಎರಡನೆಯ ದಾರಿಯಾದ ಕಮಾಂಡ್ ಲೈನ್ ಕನ್ವರ್ಟರ್ ಕೂಡ ಇದೆ. ಇನ್‌ಪುಟ್, ಔಟ್‌ಪುಟ್ ಫೈಲ್ ಹೆಸರು ಕೊಟ್ಟರೆ ಲಾಗ್‌ಫೋರ್‌ಜೆ 2ರ ಎಕ್ಸ್‌ಎಂಎಲ್ ಸೆಟ್ಟಿಂಗ್ ಫೈಲ್ ರೆಡಿ. ಕನ್ಸೋಲ್ ಅಪೆಂಡರ್ (ಅಪೆಂಡರ್ ಅಂದರೆ ಲಾಗನ್ನು ಪರದೆಗೋ ಫೈಲಿಗೋ ಬರೆಯುವ ಭಾಗ), ಡೈಲಿ ರೋಲಿಂಗ್ ಅಪೆಂಡರ್ (ದಿನಕ್ಕೊಂದು ಹೊಸ ಫೈಲ್ ಶುರು ಮಾಡುವಂಥದ್ದು), ಲಾಗರ್‌ಗಳು ಎಲ್ಲಾ ಸರಿಯಾಗೇ ಬಂದವು. ಪ್ಯಾಟರ್ನ್ ಸಾಲು (ಲಾಗ್ ಸಾಲು ಹೇಗೆ ಕಾಣಬೇಕು ಅಂತ ಹೇಳುವುದು) ಮಾತ್ರ ಹುಷಾರು. ಲೆವೆಲ್ (ಎರರ್, ಇನ್ಫೋ ಥರದ ಮಟ್ಟ) ತೋರಿಸಲು ಹಳೆಯ ಫೈಲಿನಲ್ಲಿ ಇದ್ದದ್ದು ಬರೀ ‘%ಪಿ’. ಕನ್ವರ್ಟರ್ ಅದನ್ನು ‘%ವಿ1ಲೆವೆಲ್’ ಮಾಡಿತ್ತು. ಇದು ಬ್ರಿಜ್ ಜಾರ್‌ಗೆ ಮಾತ್ರ ಗೊತ್ತಿರುವ ಹೆಸರು. ಅಂದರೆ ಫೈಲ್ ಹೊಸದಾದರೂ ಬ್ರಿಜ್ ತೆಗೆಯುವ ಹಾಗಿಲ್ಲ! ಕಾಮೆಂಟ್‌ಗಳೂ ಮಾಯ. ‘ಈ ಲಾಗರ್ ಆಫ್ ಮಾಡಬೇಡಿ’ ಅಂತ ಯಾರೋ ಬರೆದಿಟ್ಟ ಸಾಲುಗಳೇ ಅಲ್ವಾ ಮುಖ್ಯ? ಕಸ್ಟಮ್ ಅಪೆಂಡರನ್ನಂತೂ ಒಂದು ವಾರ್ನಿಂಗ್ ಕೊಟ್ಟು ಬಿಟ್ಟೇಬಿಟ್ಟಿತು.

ಕೈಯಲ್ಲಿ ಬರೆಯೋದಕ್ಕೆ ಸಮಯ ಜಾಸ್ತಿ ಬೇಕು. ಆದರೆ ರೋಲಿಂಗ್ ವಿಷಯದಲ್ಲಿ ಇದಕ್ಕೆ ಸಮ ಇಲ್ಲ. ಹಳೆಯ ಡೈಲಿ ರೋಲಿಂಗ್ ಅಪೆಂಡರ್ ಹಳೆಯ ಫೈಲ್‌ಗಳನ್ನು ಅಳಿಸುತ್ತಲೇ ಇರಲಿಲ್ಲ, ಡಿಸ್ಕ್ ತುಂಬುತ್ತಿತ್ತು. ಈಗ ಫೈಲ್ ಪ್ಯಾಟರ್ನ್ (ಫೈಲ್ ಹೆಸರಿನ ನಮೂನೆ) ಕೊನೆಗೆ ‘.ಜಿಝಡ್’ ಸೇರಿಸಿದರೆ ತಾನೇ ಕಂಪ್ರೆಸ್ ಮಾಡುತ್ತದೆ. ಒಂದು ಕಡೆ ಮಾತ್ರ ತುಂಬಾ ಜನ ಎಡವುತ್ತಾರೆ: ಪ್ಯಾಟರ್ನ್‌ನಲ್ಲಿ ಬರೀ ತಾರೀಖು ಇದ್ದಾಗ ಮ್ಯಾಕ್ಸ್ 5 ಅಂತ ಕೊಟ್ಟರೆ ಐದು ದಿನದ್ದಷ್ಟೇ ಉಳಿಯುತ್ತದೆ ಅಂದುಕೊಳ್ಳೋದು. ಮ್ಯಾಕ್ಸ್ ಲೆಕ್ಕ ಇಡೋದು ‘%ಐ’ ಕೌಂಟರ್‌ಗೆ (ಫೈಲ್ ಹೆಸರಿನಲ್ಲಿ ಬರುವ ಕ್ರಮಸಂಖ್ಯೆಗೆ). ಹಳೆಯ ದಿನಗಳ ಫೈಲ್ ಅಳಿಸಲು ಡಿಲೀಟ್ ಆಕ್ಷನ್ ಬೇರೆಯೇ ಹಾಕಬೇಕು.

ನನ್ನ ಆಯ್ಕೆ ಬೆರಕೆ. ಕನ್ವರ್ಟರ್ ಕೊಟ್ಟಿದ್ದನ್ನು ಕರಡು ಅಂತ ಇಟ್ಟುಕೊಂಡು, ‘%ವಿ1ಲೆವೆಲ್’ ಅನ್ನು ಮತ್ತೆ ‘%ಪಿ’ ಮಾಡಿ, ರೋಲಿಂಗ್ ಭಾಗ ಪೂರ್ತಿ ನಾನೇ ಬರೆದೆ. ಕೋಡ್ ಎಸ್‌ಎಲ್‌ಎಫ್‌ಫೋರ್‌ಜೆ (ಹಿಂದೆ ಯಾವ ಲಾಗಿಂಗ್ ಲೈಬ್ರರಿ ಇದ್ದರೂ ಒಂದೇ ರೀತಿ ಕರೆಯಲು ಬಿಡುವ ಪದರ) ಬಳಸುತ್ತಿದ್ದರೆ ಬ್ರಿಜ್ ಜಾರ್ ಆಮೇಲೆ ಬೇಕಾಗೋದಿಲ್ಲ. ಕಸ್ಟಮ್ ಅಪೆಂಡರನ್ನು ಮಾತ್ರ ಲಾಗ್‌ಫೋರ್‌ಜೆ 2ರ ಪ್ಲಗಿನ್ ಆಗಿ ಮತ್ತೆ ಬರೆಯಬೇಕು.