58 ಸಿಸಿ ಚೈನ್‌ಸಾ ಬ್ಲಾಕ್-ಪಿಸ್ಟನ್ ಕಿಟ್: ಡಬ್ಬಿಯಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು

ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಮಷಿನರಿ ಅಂಗಡಿಗಳ ಕಡೆಯೂ ಆನ್‌ಲೈನಿನಲ್ಲೂ ಸಿಗುವ, ಕಂಪನಿ ಹೆಸರಿಲ್ಲದ 45.2 ಮಿ.ಮೀ. ಬ್ಲಾಕ್-ಪಿಸ್ಟನ್ ಕಿಟ್ (ಮರ ಕೊಯ್ಯುವ ಚೈನ್‌ಸಾ ಇಂಜಿನ್ನಿನ ಸಿಲಿಂಡರ್ ಮತ್ತು ಅದರೊಳಗೆ ಆಡುವ ಪಿಸ್ಟನ್) ಬಗ್ಗೆ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಬ್ಲಾಕ್ ಪರವಾಗಿಲ್ಲ, ಪಿಸ್ಟನ್ ನಡೆಯುತ್ತದೆ, ರಿಂಗ್ ನಿಮ್ಮ ಅದೃಷ್ಟ, ಪಿನ್ ಹಿಡಿದಿಡುವ ಸರ್ಕ್ಲಿಪ್ ಮತ್ತು ಸಂದು ಮುಚ್ಚುವ ಗ್ಯಾಸ್ಕೆಟ್ ನೇರ ಕಸಕ್ಕೆ. ಕೊಂಡ ಹಾಗೇ ಜೋಡಿಸಿದರೆ ಹಣ ದಂಡ. ಅರ ಹಿಡಿದು ಒಂದಿಷ್ಟು ಹೊತ್ತು ಕೂರುವ ತಾಳ್ಮೆ ಇದ್ದವರಿಗೆ ಮಾತ್ರ ಇದು ಲಾಭದ ಮಾಲು.

ಕಿಟ್ ನಿಜವಾಗಿ ಬೇಕೇ ಅನ್ನುವುದು ಮೊದಲ ಪ್ರಶ್ನೆ. ಮುಂಗಾರಿಗೆ ಮುಂಚಿನ ಗಾಳಿಮಳೆಯಲ್ಲಿ ಗುಲ್‌ಮೊಹರ್, ಮಳೆಮರ ಉರುಳಿದಾಗ ಹಗಲೂ ರಾತ್ರಿ ದುಡಿದ ಮಿಷನ್ನುಗಳು ಜೂನ್ ಹೊತ್ತಿಗೆ ‘ಪುಲ್ಲಿಂಗ್ ಇಲ್ಲ’ ಅಂತ ರಿಪೇರಿಗೆ ಬರುತ್ತವೆ. ಅವುಗಳಲ್ಲಿ ಬಹಳಷ್ಟಕ್ಕೆ ಬ್ಲಾಕ್ ಏನೂ ಆಗಿರುವುದಿಲ್ಲ. ಮರದ ಚಕ್ಕೆಯ ಬದಲು ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಚೈನ್ ಮೊಂಡಾಗಿದೆ ಅಷ್ಟೆ. .325 ಇಂಚು ಪಿಚ್‌ನ ಚೈನಿಗೆ 4.8 ಮಿ.ಮೀ. ದುಂಡರ, 30 ಡಿಗ್ರಿ ಕೋನ; ಹಲ್ಲಿನ ಮುಂದಿರುವ ಡೆಪ್ತ್ ಗೇಜ್ 0.65 ಮಿ.ಮೀ. ತಗ್ಗಿರಬೇಕು. ಆಮೇಲೆ ಸೈಲೆನ್ಸರ್ ಬಿಚ್ಚಿ. ಒಳಗಿನ ಸಣ್ಣ ಜಾಲರಿ ಮಸಿಯಿಂದ ಮುಚ್ಚಿಹೋಗಿದ್ದರೆ ಇಂಜಿನ್ನಿಗೆ ಉಸಿರೇ ಇಲ್ಲ. ಗ್ಯಾಸ್ ಉರಿಯಲ್ಲಿ ಸುಟ್ಟು ತಂತಿ ಬ್ರಷ್ಷಿನಿಂದ ಉಜ್ಜಿದರೆ ಕೆಲಸ ಮುಗಿಯಿತು, ಖರ್ಚು ಸೊನ್ನೆ.

ಕಾರ್ಬ್ಯುರೇಟರ್ ಮೇಲೂ ಒಂದು ಕಣ್ಣಿರಲಿ. 2023ರ ಫೆಬ್ರವರಿ 6ರಂದು ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್‌ಗೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಎಥೆನಾಲ್ ನೀರು ಹೀರಿಕೊಳ್ಳುತ್ತದೆ, ಕಳಪೆ ರಬ್ಬರನ್ನು ಹಾಳುಮಾಡುತ್ತದೆ. ಆಯಿಲ್ ಮಿಕ್ಸ್ ಮಾಡಿದ ಪೆಟ್ರೋಲನ್ನು ಟ್ಯಾಂಕಿನಲ್ಲೇ ವಾರಗಟ್ಟಲೆ ಬಿಟ್ಟ ಮಿಷನ್ನಿನಲ್ಲಿ ಡಯಾಫ್ರಮ್ (ಕಾರ್ಬ್ಯುರೇಟರಿನೊಳಗಿನ ತೆಳು ಪೊರೆ) ಕಾಗದದಂತೆ ಬಿರುಸಾಗಿರುತ್ತದೆ. ಐದು ನಿಮಿಷ ಓಡಿ ನಿಂತು, ಟ್ಯಾಂಕ್ ಮುಚ್ಚಳ ತೆಗೆದಾಗ ಗಾಳಿ ಒಳಗೆಳೆದುಕೊಂಡರೆ ಟ್ಯಾಂಕಿಗೆ ಗಾಳಿ ಬಿಡುವ ಬ್ರೀದರ್ ಕಟ್ಟಿದೆ.

ಇವೆಲ್ಲ ಸರಿಯಿದ್ದೂ ಶಕ್ತಿ ಇಲ್ಲವೆಂದರೆ ಕಂಪ್ರೆಷನ್ ಗೇಜ್ ಹಾಕಿ. ಆಕ್ಸಿಲರೇಟರ್ ಪೂರ್ತಿ ಹಿಡಿದು, ಮುಳ್ಳು ನಿಲ್ಲುವವರೆಗೂ ಹಗ್ಗ ಎಳೆಯಿರಿ. 130ರಿಂದ 150 ಪಿಎಸ್‌ಐ ಬಂದರೆ ಬ್ಲಾಕ್ ಮುಟ್ಟಬೇಡಿ. 110ಕ್ಕಿಂತ ಕೆಳಗೆ ಇಳಿದಿದ್ದರೆ ದಪ್ಪ ಕೊಂಬೆಯಲ್ಲಿ ಚೈನ್ ನಿಲ್ಲುತ್ತದೆ, 90ಕ್ಕಿಂತ ಕೆಳಗಾದರೆ ಸ್ಟಾರ್ಟ್ ಆಗುವುದೇ ಕಷ್ಟ. ಗೇಜ್ ಇಲ್ಲದವರು ಸ್ಟಾರ್ಟರ್ ಹಿಡಿಯಿಂದ ಮಿಷನ್ನನ್ನು ತೂಗುಬಿಡಿ. ತಡೆದು ತಡೆದು ಇಳಿದರೆ ಜೀವ ಇದೆ. ಸರ್ರನೆ ಜಾರಿದರೆ ರಿಂಗ್ ಹೋಗಿದೆ.

ಇಲ್ಲೊಂದು ಎಚ್ಚರಿಕೆ. ಬೈಕ್ ಮೆಕ್ಯಾನಿಕ್ಕುಗಳು ‘ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕೋಣ ಬಿಡಿ ಸಾರ್’ ಅನ್ನುತ್ತಾರೆ, ಅಂದರೆ ಸಿಲಿಂಡರಿನ ತೂತನ್ನು (ಬೋರ್) ಕೊರೆದು ದೊಡ್ಡದು ಮಾಡುವುದು. ಒಪ್ಪಬೇಡಿ. ಹಳೇ ಬೈಕಿನ ಬ್ಲಾಕಿನೊಳಗೆ ಬೀಡಿನ (ಎರಕದ ಕಬ್ಬಿಣದ) ಲೈನರ್ ಇರುತ್ತದೆ, ಕೊರೆದರೂ ಬೀಡೇ ಉಳಿಯುತ್ತದೆ. ಚೈನ್‌ಸಾ ಬ್ಲಾಕ್ ಅಲ್ಯೂಮಿನಿಯಂ. ಅದರೊಳಗೆ ಕ್ರೋಮ್ ಅಥವಾ ನಿಕ್ಕಲ್-ಸಿಲಿಕಾನ್‌ನ ತೆಳು ಲೇಪ. ಲೇತ್‌ಗೆ ಕೊಟ್ಟರೆ ಆ ಲೇಪವೇ ಹೋಗಿ, ಬರಿ ಅಲ್ಯೂಮಿನಿಯಂ ಮೇಲೆ ಪಿಸ್ಟನ್ ಉಜ್ಜಿ ಬೇಗನೆ ಸೀಜ್ ಆಗುತ್ತದೆ. ಹಾಗಾಗಿ ಬ್ಲಾಕ್ ಸಮೇತ ಬದಲಿಸುವುದೇ ದಾರಿ.

ಕಿಟ್‌ನಲ್ಲಿ ಬ್ಲಾಕ್, ಪಿಸ್ಟನ್, ಎರಡು ರಿಂಗ್, ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಗಜನ್ ಪಿನ್, ಸರ್ಕ್ಲಿಪ್, ಗ್ಯಾಸ್ಕೆಟ್ ಇರುತ್ತವೆ. ಬ್ಲಾಕಿನ ಲೇಪ ಸಾಮಾನ್ಯವಾಗಿ ಸಮವಾಗಿಯೇ ಬರುತ್ತದೆ. ದೋಷವಿರುವುದು ಪೋರ್ಟುಗಳಲ್ಲಿ, ಅಂದರೆ ಗಾಳಿ-ಹೊಗೆ ಓಡಾಡುವ ಕಿಂಡಿಗಳಲ್ಲಿ. ಎಕ್ಸಾಸ್ಟ್ ಪೋರ್ಟಿನ ಅಂಚಿಗೆ ಉಗುರು ತಾಗಿಸಿ ನೋಡಿ, ಬ್ಲೇಡಿನ ಹಾಗೆ ಕೆರೆಯುತ್ತದೆ. ಓಡುವಾಗ ರಿಂಗ್ ಪೋರ್ಟಿನ ಕಡೆ ಕೊಂಚ ಉಬ್ಬುತ್ತದೆ. ಆ ಅಂಚಿಗೆ ಸಿಕ್ಕರೆ ಮುರಿದು ಹೊಸ ಬ್ಲಾಕನ್ನೇ ಗೀರಿ ಹಾಕುತ್ತದೆ. 600 ನಂಬರ್ ಎಮರಿ ಅಥವಾ ಸಣ್ಣ ಡೈಮಂಡ್ ಅರದಿಂದ ಅಂಚನ್ನು ನಯ ಮಾಡಿ. ಉಜ್ಜುವುದು ಬೋರಿನಿಂದ ಪೋರ್ಟಿನ ಒಳಕ್ಕೆ, ಒಂದೇ ದಿಕ್ಕಿಗೆ. ಹಿಂದೆಮುಂದೆ ಉಜ್ಜಿದರೆ ಲೇಪ ಎದ್ದು ಬರುತ್ತದೆ. ಟ್ರಾನ್ಸ್‌ಫರ್ ಪೋರ್ಟಿನೊಳಗೆ ಎರಕದ ಚೂರು ನೇತಾಡುತ್ತಿದ್ದರೆ ಅದನ್ನೂ ಕಿತ್ತು, ಬಿಸಿನೀರು ಸೋಪಿನಿಂದ ತೊಳೆದು, ಒರೆಸಿ, 2ಟಿ (ಟೂ-ಸ್ಟ್ರೋಕ್) ಆಯಿಲ್ ಸವರಿ.

ರಿಂಗನ್ನು ಬೋರಿನೊಳಗಿಟ್ಟು ಪಿಸ್ಟನ್ನಿನ ತಲೆಯಿಂದ ನೇರವಾಗಿ ತಳ್ಳಿ, ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. 0.15ರಿಂದ 0.3 ಮಿ.ಮೀ. ಇರಬೇಕು. ಸಂದು ತೀರಾ ಕಡಿಮೆಯಿದ್ದರೆ ಕಾದಾಗ ತುದಿಗಳು ಒಂದಕ್ಕೊಂದು ಒತ್ತಿ ಹಿಡಿಯುತ್ತವೆ, ಕೂದಲೆಳೆಯಷ್ಟು ಅರ ಆಡಿಸಿ. 0.5 ದಾಟಿದ್ದರೆ ಅಂಗಡಿಗೇ ವಾಪಸ್.

ಕ್ಲಚ್ ಬಿಚ್ಚುವಾಗ ನೆನಪಿರಲಿ, ಅದು ಎಡಮರೆ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಪ್ಲಗ್ ತೂತಿನಿಂದ ಗಂಟು ಹಾಕಿದ ಹಗ್ಗ ತೂರಿಸಿದರೆ ಪಿಸ್ಟನ್ ಅಲ್ಲಾಡದೆ ನಿಲ್ಲುತ್ತದೆ. ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿ, ಪಿಸ್ಟನ್ ಮೇಲಿನ ಬಾಣದ ಗುರುತು ಎಕ್ಸಾಸ್ಟ್ ಕಡೆಗಿರಿಸಿ. ಸರ್ಕ್ಲಿಪ್‌ಗಳನ್ನು ಬೇರೆ ಕಡೆ ಒಳ್ಳೆಯವು ಕೊಂಡು ಹಾಕಿ, ಬಾಯಿ ನೇರ ಮೇಲಕ್ಕೋ ಕೆಳಕ್ಕೋ ಇರಲಿ. ಪಕ್ಕಕ್ಕಿದ್ದರೆ ಪಿಸ್ಟನ್ನಿನ ಮೇಲೆಕೆಳಗಿನ ಬಡಿತಕ್ಕೆ ಸಡಿಲಾಗಿ ಹಾರುತ್ತದೆ. ರಿಂಗಿನ ಬಾಯಿ ಗ್ರೂವಿನಲ್ಲಿರುವ ಪಿನ್ನಿಗೆ ಸರಿಯಾಗಿ ಕೂತಿದೆಯೇ ಎಂದು ಎರಡು ಬಾರಿ ನೋಡಿ.

ಹೊಸ ಕಿಟ್ ಹಾಕಿಯೂ ಹಳೇ ಪುಲ್ಲಿಂಗ್ ಬರಲಿಲ್ಲ ಎನ್ನುವವರು ತಪ್ಪದೆ ಮರೆತಿರುವುದು ಸ್ಕ್ವಿಷ್. ಅಂದರೆ ಪಿಸ್ಟನ್ ತುದಿಗೆ ಬಂದಾಗ ತಲೆಗೂ ಬ್ಲಾಕಿಗೂ ಉಳಿಯುವ ಸಂದು. 2 ಮಿ.ಮೀ. ಸೋಲ್ಡರ್ ತಂತಿಯನ್ನು ಪ್ಲಗ್ ತೂತಿನಿಂದ ಗೋಡೆಗೆ ತಾಗುವಂತೆ, ಗಜನ್ ಪಿನ್ನಿನ ನೇರಕ್ಕೆ ಇಟ್ಟು ಫ್ಲೈವೀಲ್ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತುದಿಯನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಈ ಕಿಟ್‌ಗಳಲ್ಲಿ 1 ಮಿ.ಮೀ.ಗಿಂತ ಹೆಚ್ಚು ಬರುವುದು ಅಪರೂಪವಲ್ಲ. ಕಂಪ್ರೆಷನ್ ಸೋರಿಹೋಗುವುದು ಅಲ್ಲೇ. ಬೇಸ್ ಗ್ಯಾಸ್ಕೆಟ್ ಬಿಟ್ಟು, ಪೆಟ್ರೋಲ್ ತಡೆಯುವ ಸೀಲಂಟ್ ತೆಳ್ಳಗೆ ಹಚ್ಚಿ ಕೂರಿಸಿದರೆ ಗ್ಯಾಸ್ಕೆಟ್ಟಿನ ದಪ್ಪದಷ್ಟು ಸಂದು ಇಳಿಯುತ್ತದೆ. 0.5ಕ್ಕಿಂತ ಕಡಿಮೆ ಮಾತ್ರ ಬೇಡ, ಪಿಸ್ಟನ್ ಬಡಿಯುತ್ತದೆ.

ಹಳೇ ಪಿಸ್ಟನ್ ಯಾಕೆ ಸತ್ತಿತು ಅನ್ನುವುದನ್ನು ತಿಳಿಯದೆ ಹೊಸದು ಹಾಕುವುದು ಮೂರ್ಖತನ. ಎಕ್ಸಾಸ್ಟ್ ಕಡೆ ಮಾತ್ರ ಗೀರಿದ್ದರೆ ಪೆಟ್ರೋಲ್ ಸಾಲದೆ ಕಾದಿದೆ, ಬಹುಮಟ್ಟಿಗೆ ಎಲ್ಲೋ ಗಾಳಿ ಸೋರಿಕೆ ಇರುತ್ತದೆ. ಸುತ್ತಲೂ ಗೀರಿದ್ದರೆ ಆಯಿಲ್ ಹಾಕದ ಪೆಟ್ರೋಲ್. ಇನ್‌ಟೇಕ್ ಕಡೆ ಮಂಕಾಗಿ ಸವೆದಿದ್ದರೆ ಹರಿದ ಏರ್ ಫಿಲ್ಟರಿನಿಂದ ಧೂಳು. ಕ್ರ್ಯಾಂಕಿನ ಎರಡೂ ಆಯಿಲ್ ಸೀಲ್ ಇದೇ ಸಮಯಕ್ಕೆ ಬದಲಿಸಿ. ಜೋಡಿಸಿದ ಮೇಲೆ ಇನ್‌ಟೇಕ್, ಎಕ್ಸಾಸ್ಟ್ ಮುಚ್ಚಿ 0.5 ಬಾರ್ ಗಾಳಿ ತುಂಬಿ ಸೋಪ್ ನೀರು ಬಿಟ್ಟರೆ ಸೋರಿಕೆ ಗುಳ್ಳೆ ಎದ್ದು ತಾನೇ ತೋರಿಸುತ್ತದೆ.

ಓಡಿಸುವಾಗ ಮೊದಲ ಟ್ಯಾಂಕಿಗೆ ಲೀಟರಿಗೆ 40 ಮಿ.ಲೀ. 2ಟಿ ಆಯಿಲ್. ಕಾರ್ಬ್ಯುರೇಟರಿನ ಎಚ್ (ಹೈಸ್ಪೀಡ್) ಮತ್ತು ಎಲ್ (ಲೋಸ್ಪೀಡ್) ಸ್ಕ್ರೂ ಹಗುರಾಗಿ ಮುಚ್ಚಿ ಒಂದೊಂದು ಸುತ್ತು ತೆರೆದು ಶುರುಮಾಡಿ. ಬರಿಗಾಳಿಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಸದ್ದು ಸ್ವಲ್ಪ ಒಡೆದು ಗುರುಗುಡಬೇಕು, ಮರಕ್ಕೆ ಇಟ್ಟಾಗ ಸಾಫಾಗಬೇಕು. ಬರಿಗಾಳಿಯಲ್ಲೇ ಕೀರಲು ಸದ್ದು ಬಂದರೆ ಎಚ್ ಸ್ಕ್ರೂ ಇನ್ನೂ ತೆರೆಯಿರಿ, ಇಲ್ಲದಿದ್ದರೆ ಮತ್ತೆ ಅದೇ ಸೀಜ್.

ಕೊಳ್ಳುವಾಗ ಸ್ಟಿಕ್ಕರ್ ನಂಬಬೇಡಿ. 52 ಸಿಸಿ ಮಿಷನ್ನಿನ ಪಿಸ್ಟನ್ 45 ಮಿ.ಮೀ., 58ರದ್ದು 45.2. ಬ್ಲಾಕ್ ಸಮೇತ ಕೊಂಡರೆ ಜೋಡಿ ಹೊಂದಿರುತ್ತದೆ. ಬರೀ ಪಿಸ್ಟನ್ ಕೊಂಡವರು ಈ 0.2ರಲ್ಲೇ ಎಡವುತ್ತಾರೆ. ಗಜನ್ ಪಿನ್ ನಿಮ್ಮ ಬೇರಿಂಗಿಗೆ ಕೂರುತ್ತದೆಯೇ ಎಂದು ಕೌಂಟರಿನಲ್ಲೇ ನೋಡಲು ಹಳೇ ಪಿನ್ ಜೊತೆಗೊಯ್ಯಿರಿ. ಸ್ಟಿಲ್, ಹಸ್ಕ್‌ವರ್ನಾ ಇದ್ದವರು ಇಂಥ ಕಿಟ್‌ಗಳ ತಂಟೆಗೆ ಬರದೆ ಅಧಿಕೃತ ಡೀಲರ್ ಬಳಿ ಒರಿಜಿನಲ್ ಕೊಳ್ಳುವುದೇ ಮೇಲು.

ಹಳೇ ಬ್ಲಾಕನ್ನು ಗುಜರಿಗೆ ಹಾಕುವ ಮುನ್ನ ಒಳಗೆ ನೋಡಿ. ಕಾಣುವ ಗೀರುಗಳು ಎಷ್ಟೋ ಸಲ ಪಿಸ್ಟನ್ನಿನ ಅಲ್ಯೂಮಿನಿಯಂ ಅಂಟಿಕೊಂಡದ್ದು. ಕೈಗವಸು ತೊಟ್ಟು, ಬಯಲಿನಲ್ಲಿ, ಇಯರ್‌ಬಡ್‌ನಿಂದ ಹೈಡ್ರೋಕ್ಲೋರಿಕ್ ಆಸಿಡ್ ಆ ಜಾಗಕ್ಕಷ್ಟೇ ಮುಟ್ಟಿಸಿದರೆ ನೊರೆಯೆದ್ದು ಕರಗುತ್ತದೆ. ಪೋರ್ಟಿನ ಅಂಚಿಗೆ ಹರಿಯಲು ಬಿಡಬೇಡಿ, ಅಲ್ಲಿ ಬರಿ ಲೋಹವಿದೆ. ನೊರೆ ನಿಂತ ಕೂಡಲೇ ನೀರಿನಲ್ಲಿ ತೊಳೆಯಿರಿ. ಕೆಳಗಿನ ಲೇಪ ಉಳಿದಿದ್ದರೆ ಕಿಟ್‌ನ ಬ್ಲಾಕಿಗಿಂತ ನಿಮ್ಮ ಹಳೇ ಬ್ಲಾಕೇ ವಾಸಿ, ಅಳತೆಗೆ ಸರಿಯಾದ ಪಿಸ್ಟನ್ ಮತ್ತು ರಿಂಗ್ ತಂದರೆ ಸಾಕು.